ಅಜ್ಜಿಯ ಮದರಂಗಿ, ಪೊಟ್ಟಣದ ಕಪ್ಪು

ಮಂಗಳೂರಿನ ಬೆಂಗ್ರೆಯ ನಮ್ಮ ಮನೆಯಲ್ಲಿ ಅಜ್ಜಿ ತಲೆಗೆ ಹಚ್ಚುತ್ತಿದ್ದದ್ದು ಮದರಂಗಿ ಮಾತ್ರ. ಎಲೆಯನ್ನು ನುಣ್ಣಗೆ ಅರೆದು ಮೆತ್ತಿಕೊಂಡು, ಹೊಯಿಗೆಯ ಅಂಗಳದಲ್ಲಿ ಬಿಸಿಲಿಗೆ ಕೂರುತ್ತಿದ್ದರು. ಬಿಳಿಕೂದಲು ಕೆಂಪಾಗುತ್ತಿತ್ತು, ಅವರಿಗೆ ಅಷ್ಟು ಸಾಕಿತ್ತು. ಕಪ್ಪು ಬಂದದ್ದು ಆಮೇಲೆ, ಬಂದರಿನ ಅಂಗಡಿಯಿಂದ ದೋಣಿಯಲ್ಲಿ ಹೊಳೆ ದಾಟಿ, ಸಣ್ಣ ಪೊಟ್ಟಣದಲ್ಲಿ.

ಆ ಕಪ್ಪಿನ ಜೀವಾಳ ಪ್ಯಾರಾಫಿನೈಲೀನ್‌ಡೈಅಮೀನ್, ಆಸ್ಪತ್ರೆಯವರ ಬಾಯಲ್ಲಿ ಪಿಪಿಡಿ. ಅದು ಬಣ್ಣ ಕೊಡುತ್ತದೆಂದು 1863ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಹಾಫ್‌ಮನ್ ಗುರುತಿಸಿದರು. 1907ರಲ್ಲಿ ಪ್ಯಾರಿಸ್ಸಿನ ಯುಜೀನ್ ಶುಯೆಲ್ಲರ್ ಹೇರ್‌ಡೈ ತಯಾರಿಸಿ ಕ್ಷೌರಿಕರಿಗೆ ಮಾರತೊಡಗಿದರು. ಸುಡಾನಿನ ಹೆಂಗಸರು ಮದರಂಗಿ ಬೇಗ ಕಪ್ಪಾಗಲೆಂದು ಅದಕ್ಕೆ ಪಿಪಿಡಿ ಬೆರೆಸುತ್ತಿದ್ದರು. ಅದು ದೇಹದೊಳಗೆ ಹೋದಾಗ ಆಗುವ ಅನಾಹುತವನ್ನು ಖಾರ್ಟೂಮಿನ ವೈದ್ಯರು 1983ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ನಮ್ಮ ದೇಶದಲ್ಲಿ ದುಃಖ ತಡೆಯಲಾರದೆ ಅದನ್ನು ನುಂಗಿದವರೇ ಹೆಚ್ಚಾಗಿ ಆಸ್ಪತ್ರೆಗೆ ಬಂದರು.

ಹೊಳೆಯಾಚೆಯ ಆಸ್ಪತ್ರೆಯಲ್ಲಿ ನಾನು ನರ್ಸಾಗಿದ್ದಾಗ, ಆ ಕಪ್ಪನ್ನು ನುಂಗಿದ್ದ ನಮ್ಮೂರಿನ ಹುಡುಗಿಯೊಬ್ಬಳನ್ನು ರಾತ್ರಿ ತಂದರು. ದೋಣಿ ನಿಂತಿತ್ತು. ತಣ್ಣೀರುಬಾವಿ, ಪಣಂಬೂರು, ಕೂಳೂರು ಸುತ್ತಿ ಬರುವಷ್ಟರಲ್ಲಿ ಕೆನ್ನೆ, ಕತ್ತು ಒಂದೇ ಆಗಿ ಊದಿದ್ದವು. ನಾಲಿಗೆ ಮರದ ತುಂಡಿನಂತೆ ಬಿಗಿದಿತ್ತು, ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಡಾಕ್ಟರು ಕತ್ತಿನಲ್ಲಿ ತೂತು ಮಾಡಿ ನಳಿಗೆ ಇಟ್ಟರು. ಮರುದಿನ ಮೂತ್ರದ ಚೀಲ ನೋಡಿದೆ: ಡಿಕಾಕ್ಷನ್ ಬಣ್ಣ. ಸ್ನಾಯುಗಳು ಕರಗಿ ಅವುಗಳ ಕಲ್ಮಶ ಕಿಡ್ನಿಯನ್ನು ಕಟ್ಟಿಹಾಕುವಾಗ ಹೀಗಾಗುತ್ತದೆ. ಕೆಲವರಲ್ಲಿ ವಿಷ ಹೃದಯದ ಸ್ನಾಯುವನ್ನೂ ಹಿಡಿಯುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಉಸಿರಿಗೆ ದಾರಿ, ಧಾರಾಳ ಡ್ರಿಪ್, ಬೇಕಾದರೆ ಡಯಾಲಿಸಿಸ್, ಇಷ್ಟೇ ಚಿಕಿತ್ಸೆ.

ಅವಳಿಗೆ ಮಾತಾಡಲಾಗುತ್ತಿರಲಿಲ್ಲ. ನನ್ನ ಅಂಗೈ ಮೇಲೆ ಬೆರಳಿನಿಂದ 'ಅಮ್ಮ' ಎಂದು ಬರೆದಳು. ಹಲವು ಸಲ ಡಯಾಲಿಸಿಸ್ ಆದ ಮೇಲೆ ಚೀಲದಲ್ಲಿ ತಿಳಿಹಳದಿ ಕಂಡಿತು. ಅವಳ ಅಮ್ಮ ಆ ಚೀಲವನ್ನೇ ಕಣ್ಣಿಗೊತ್ತಿಕೊಂಡರು.

ಉಸಿರು ಉಳಿಸಿಕೊಂಡವರ ಕಿಡ್ನಿ ಬಹಳ ಸಲ ಚೇತರಿಸಿಕೊಳ್ಳುತ್ತದೆ. ಆದರೆ ಊತ ಕಾಣಿಸುವುದು ಕೆಲವು ಗಂಟೆ ಕಳೆದ ಮೇಲೆ. ಅಷ್ಟರವರೆಗೆ ಆಳು ಚೆನ್ನಾಗಿಯೇ ಮಾತಾಡುತ್ತಿರಬಹುದು. 'ಏನೂ ಆಗಿಲ್ಲವಲ್ಲ' ಎಂದು ಮನೆಯಲ್ಲಿ ಕೂರಬೇಡಿ, ವಾಂತಿ ಮಾಡಿಸಲು ಹೋಗಬೇಡಿ. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ಯಾರಿಗಾದರೂ ಬದುಕು ಬೇಡವೆನಿಸಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ದೋಣಿ ನಿಂತ ರಾತ್ರಿಯಲ್ಲೂ ಆ ಫೋನು ಎತ್ತುವವರಿದ್ದಾರೆ.