ಸ್ಕೂಟರ್ ರೋಲರ್ ಬದಲಿಸಿದರೆ ಪೆಟ್ರೋಲ್ ಉಳಿಯುತ್ತಾ? ಸಿವಿಟಿ ಮಾರ್ಪಾಡಿನ ತಂತ್ರ, ಕಾನೂನು ಮತ್ತು ಲೆಕ್ಕಾಚಾರ

‘ಭಾರದ ರೋಲರ್ ಹಾಕ್ಸಿ, ಮೈಲೇಜ್ ಐದು ಕಿಲೋಮೀಟರ್ ಜಾಸ್ತಿ ಬರುತ್ತೆ.’ ‘ಇಲ್ಲ ಸಾರ್, ಹಗುರ ಹಾಕ್ಸಿ, ಪಿಕಪ್ ಬೆಂಕಿ.’ ಮ್ಯಾಕ್ಸಿ ಸ್ಕೂಟರ್ ಓಡಿಸುವ ಯಾರನ್ನೇ ಕೇಳಿ, ಈ ಎರಡರಲ್ಲಿ ಒಂದು ಸಲಹೆಯನ್ನು ಗ್ಯಾರೇಜಿನಲ್ಲಿ ಕೇಳಿಯೇ ಇರುತ್ತಾರೆ. ನಾನು ಯಮಹಾ ಏರಾಕ್ಸ್ 155 ಓಡಿಸುತ್ತೇನೆ. ಎರಡನ್ನೂ ಮಾಡಿಸಿ ನೋಡಿದೆ. ಒಂದರಿಂದ ಜೇಬಿಗೆ ಹೊರೆಯಾಯಿತು, ಇನ್ನೊಂದರಿಂದ ದೊಡ್ಡ ಲಾಭವೇನೂ ಆಗಲಿಲ್ಲ. ಆದರೆ ಈ ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ಅರ್ಥವಾಯಿತು. ಮೈಲೇಜಿನ ಹೊಣೆಯನ್ನು ಪೂರ್ತಿಯಾಗಿ ಸವಾರನ ತಲೆಗೆ ಕಟ್ಟಿರುವ ಈ ಹೊತ್ತಿನಲ್ಲಿ ಅದು ಗೊತ್ತಿರುವುದು ಒಳ್ಳೆಯದು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಗೇರ್ ಇಲ್ಲ ಅಂದರೆ ಏನಿದೆ?

ಗೇರ್‌ಲೆಸ್ ಅನ್ನುತ್ತೇವೆ, ಆದರೆ ಸಿವಿಟಿ ಅಂದರೆ ಲೆಕ್ಕವಿಲ್ಲದಷ್ಟು ಗೇರ್‌ಗಳು ಎಂದೇ ಅರ್ಥ. 1958ರಲ್ಲಿ ನೆದರ್ಲೆಂಡ್ಸ್‌ನ ಡಾಫ್ ಕಂಪನಿ ಹುಬ್ ವಾನ್ ಡೋರ್ನ್ ರೂಪಿಸಿದ ರಬ್ಬರ್ ಬೆಲ್ಟಿನ ‘ವೇರಿಯೊಮ್ಯಾಟಿಕ್’ ವ್ಯವಸ್ಥೆಯನ್ನು ಕಾರಿನಲ್ಲಿ ತಂದಿತು. ನಮ್ಮಲ್ಲಿ ಈ ತಂತ್ರ ಮನೆಮಾತಾದದ್ದು 1984ರಲ್ಲಿ ಬಂದ ಕೈನೆಟಿಕ್ ಹೋಂಡಾದಿಂದ. 2018ರ ಸುಜುಕಿ ಬರ್ಗ್‌ಮನ್ ಸ್ಟ್ರೀಟ್, 2021ರ ಏರಾಕ್ಸ್ 155 ಎರಡರಲ್ಲೂ ಇರುವುದು ಅದೇ ತತ್ವ.

ಎಂಜಿನ್ ಕಡೆ ಒಂದು ಪುಲ್ಲಿ, ಹಿಂದಿನ ಚಕ್ರದ ಕಡೆ ಇನ್ನೊಂದು. ಎರಡೂ ಬೀಸುವ ಕಲ್ಲಿನ ಹಾಗೆ ಎರಡೆರಡು ಭಾಗ, ಆದರೆ ಒಳಮೈ ಇಳಿಜಾರು. ನಡುವೆ ವಿ ಆಕಾರದ ಬೆಲ್ಟ್. ಮುಂದಿನ ಪುಲ್ಲಿಯೊಳಗೆ ಸಾಮಾನ್ಯವಾಗಿ ಆರು ರೋಲರ್‌ಗಳಿರುತ್ತವೆ. ಎಂಜಿನ್ ವೇಗ ಹೆಚ್ಚಿದಂತೆ ಅವು ಹೊರಕ್ಕೆ ಸರಿದು ಪುಲ್ಲಿಯ ಒಂದು ಭಾಗವನ್ನು ಇನ್ನೊಂದರತ್ತ ನೂಕುತ್ತವೆ. ಬೆಲ್ಟ್ ಅಂಚಿನ ಕಡೆಗೆ ಏರುತ್ತೆ. ಬೆಲ್ಟಿನ ಉದ್ದ ಬದಲಾಗಲ್ಲವಲ್ಲ, ಹಾಗಾಗಿ ಹಿಂದಿನ ಪುಲ್ಲಿ ತನ್ನ ಸ್ಪ್ರಿಂಗನ್ನು ಅದುಮಿಕೊಂಡು ಬಾಯಿ ಬಿಡುತ್ತೆ, ಅಲ್ಲಿ ಬೆಲ್ಟ್ ಒಳಕ್ಕೆ ಇಳಿಯುತ್ತೆ. ಇದೇ ‘ಟಾಪ್ ಗೇರ್’. ಏರು ಬಂದಾಗ ಅಥವಾ ತಟ್ಟನೆ ಥ್ರಾಟಲ್ ತಿರುಗಿಸಿದಾಗ ಹಿಂದಿನ ಪುಲ್ಲಿಯ ಟಾರ್ಕ್ ಕ್ಯಾಮ್ ಮತ್ತು ಸ್ಪ್ರಿಂಗ್ ಸೇರಿ ಬೆಲ್ಟನ್ನು ವಾಪಸ್ ‘ಲೋ ಗೇರ್’ ಕಡೆಗೆ ಎಳೆಯುತ್ತವೆ.

ಮುಂದಿನ ರೋಲರ್ ಗೇರ್ ಏರಿಸಲು ನೂಕುತ್ತೆ, ಹಿಂದಿನ ಸ್ಪ್ರಿಂಗ್ ಇಳಿಸಲು ನೂಕುತ್ತೆ. ಎಲ್ಲ ಮಾರ್ಪಾಡುಗಳೂ ಈ ಜಗ್ಗಾಟದಲ್ಲಿ ಯಾವ ಕಡೆಗೆ ಬಲ ಕೊಡಬೇಕು ಅನ್ನುವುದರ ಬಗ್ಗೆಯೇ.

ರೋಲರ್ ತೂಕದ ಲೆಕ್ಕ

ರೋಲರ್ ಹೊರಕ್ಕೆ ನೂಕುವ ಬಲ ಅದರ ತೂಕಕ್ಕೆ ನೇರವಾಗಿ, ಎಂಜಿನ್ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತೆ. ಅಂದರೆ ತೂಕ ಶೇ. 10 ಹೆಚ್ಚಿಸಿದರೆ, ಮೊದಲಿನಷ್ಟೇ ಬಲ ಬರಲು ಬೇಕಾದ ಆರ್‌ಪಿಎಂ ಸರಿಸುಮಾರು ಶೇ. 5 ಇಳಿಯುತ್ತೆ. 6000 ಆರ್‌ಪಿಎಂನಲ್ಲಿ ಆಗುತ್ತಿದ್ದ ಗೇರ್ ಬದಲಾವಣೆ 5700ರ ಆಸುಪಾಸಿನಲ್ಲೇ ಆಗುತ್ತೆ. ತೂಕ ಶೇ. 10 ಇಳಿಸಿದರೆ ಅದು 6300ಕ್ಕೆ ಏರುತ್ತೆ.

ಪೆಟ್ರೋಲ್ ಎಂಜಿನ್ ಕಡಿಮೆ ಆರ್‌ಪಿಎಂನಲ್ಲಿ, ಥ್ರಾಟಲ್ ಸ್ವಲ್ಪ ಹೆಚ್ಚು ತೆರೆದುಕೊಂಡು ಓಡಿದಾಗ ಒಳಗಿನ ಘರ್ಷಣೆ ಮತ್ತು ಗಾಳಿ ಎಳೆದುಕೊಳ್ಳುವ ನಷ್ಟ ಕಡಿಮೆ. ಭಾರದ ರೋಲರ್ ಮೈಲೇಜ್ ಕೊಡುತ್ತೆ ಅನ್ನುವ ಮಾತಿನ ಹಿಂದಿರುವ ನಿಜ ಇಷ್ಟೇ. ಆದರೆ ಅತಿಯಾದರೆ ಎಂಜಿನ್ ಏದುಸಿರು ಬಿಡುತ್ತೆ. ನೀವು ಥ್ರಾಟಲ್ ಇನ್ನಷ್ಟು ತಿರುಗಿಸುತ್ತೀರಿ, ಉಳಿದದ್ದು ಅಲ್ಲೇ ಹೋಯಿತು.

ಹಗುರ ರೋಲರಿನ ಕತೆ ಉಲ್ಟಾ. ಏರಾಕ್ಸ್ ಎಂಜಿನ್ ಗರಿಷ್ಠ ಶಕ್ತಿ ಕೊಡುವುದು 8000 ಆರ್‌ಪಿಎಂನಲ್ಲಿ, ಗರಿಷ್ಠ ಟಾರ್ಕ್ 6500ರಲ್ಲಿ. ಪೂರ್ತಿ ಥ್ರಾಟಲ್ ಕೊಟ್ಟಾಗ ಆರ್‌ಪಿಎಂ 8000ದ ಹತ್ತಿರ ನಿಂತರೆ ಅದೇ ಅತ್ಯುತ್ತಮ ಪಿಕಪ್. ಅದಕ್ಕಿಂತ ಹಗುರ ಹಾಕಿದರೆ ಸದ್ದು ಮಾತ್ರ ಜಾಸ್ತಿ, ಗಾಡಿ ಓಡಲ್ಲ.

ಎರಡು ತಪ್ಪು ನಂಬಿಕೆಗಳನ್ನು ಇಲ್ಲೇ ಬಿಡಿಸಬೇಕು.

ಒಂದು, ರೋಲರ್ ತೂಕ ‘ಟಾಪ್ ಗೇರ್’ ಅನುಪಾತವನ್ನು ಬದಲಿಸಲ್ಲ. ಅದನ್ನು ತೀರ್ಮಾನಿಸುವುದು ಪುಲ್ಲಿಯ ಅಳತೆ. ಗೇರ್ ಯಾವಾಗ ಏರಬೇಕು ಅನ್ನುವುದನ್ನಷ್ಟೇ ರೋಲರ್ ಹೇಳುತ್ತೆ. ಬೆಲ್ಟ್ ಪೂರ್ತಿ ಅಂಚಿಗೆ ಏರಿದ ಮೇಲೆ ಗಾಡಿಯ ವೇಗಕ್ಕೂ ಆರ್‌ಪಿಎಂಗೂ ಕಟ್ಟು ಬಿದ್ದಂತೆ. ಹಾಗಾಗಿ ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವವರಿಗೆ ಭಾರದ ರೋಲರಿನಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ. ವ್ಯತ್ಯಾಸ ಕಾಣುವುದು ಊರೊಳಗಿನ ನಡುವಿನ ವೇಗದಲ್ಲಿ.

ಎರಡು, ಸವೆದ ರೋಲರ್ ಮತ್ತು ಬೆಲ್ಟ್. ರೋಲರ್ ಒಂದು ಕಡೆ ಚಪ್ಪಟೆಯಾದರೆ ಸರಾಗವಾಗಿ ಉರುಳಲ್ಲ. ಬೆಲ್ಟ್ ಅಗಲ ಸವೆದರೆ ಪುಲ್ಲಿಯಲ್ಲಿ ಆಳಕ್ಕೆ ಇಳಿದು ಕೂರುತ್ತೆ, ಪೂರ್ತಿ ‘ಟಾಪ್’ ಸಿಗಲ್ಲ. ಹೊಸ ಭಾರದ ರೋಲರ್ ಹಾಕಿಸಿ ‘ಮೈಲೇಜ್ ಬಂತು’ ಅನ್ನುವವರಲ್ಲಿ ಎಷ್ಟೋ ಜನಕ್ಕೆ ಬಂದಿರುವುದು ತೂಕದಿಂದಲ್ಲ, ಹೊಸತನದಿಂದ.

ಸ್ಲೈಡರ್, ಸ್ಪ್ರಿಂಗ್, ಕ್ಲಚ್, ಫೈನಲ್ ಗೇರ್

*ಸ್ಲೈಡರ್:* ಗುಂಡಗಿರುವ ರೋಲರ್ ಬದಲು ಕೋನಗಳಿರುವ, ಜಾರುವ ತುಂಡುಗಳು. ಕೊನೆಯ ಹಂತದಲ್ಲಿ ಪುಲ್ಲಿಯನ್ನು ತುಸು ಹೆಚ್ಚು ನೂಕಬಲ್ಲವು. ಪುಲ್ಲಿಯ ಅಂಚಿನಲ್ಲಿ ಜಾಗ ಇದ್ದರೆ ಮಾತ್ರ ಇದರಿಂದ ಪ್ರಯೋಜನ. ಅಳತೆ, ಕೂರಿಸುವ ದಿಕ್ಕು ಎರಡೂ ಸರಿಯಿರಬೇಕು.

*ಹಿಂದಿನ ಸ್ಪ್ರಿಂಗ್:* ಗಟ್ಟಿ ಸ್ಪ್ರಿಂಗ್ ಹಾಕಿದರೆ ಗೇರ್ ತಡವಾಗಿ ಏರುತ್ತೆ, ಬೇಗ ಇಳಿಯುತ್ತೆ. ಘಾಟಿಯಲ್ಲಿ ಇಬ್ಬರು ಕೂತು ಹತ್ತುವಾಗ ಚೆನ್ನ. ಆದರೆ ಬೆಲ್ಟ್ ಮೇಲೆ ಒತ್ತಡ, ಬಿಸಿ, ಸವೆತ ಎಲ್ಲ ಜಾಸ್ತಿ. ಮೈಲೇಜ್ ಬೇಕಾದವರು ಇದರ ತಂಟೆಗೆ ಹೋಗಬಾರದು.

*ಕ್ಲಚ್ ಸ್ಪ್ರಿಂಗ್:* ‘ಪರ್ಫಾರ್ಮೆನ್ಸ್ ಕಿಟ್’ನಲ್ಲಿ ಬರುವ ಗಟ್ಟಿ ಸ್ಪ್ರಿಂಗ್ ಹಾಕಿದರೆ ಕ್ಲಚ್ ಹಿಡಿಯುವುದೇ ಹೆಚ್ಚಿನ ಆರ್‌ಪಿಎಂನಲ್ಲಿ. ರೇಸಿಗೆ ಸರಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತು ಹೊರಡುವವರಿಗೆ ಪ್ರತಿ ಸಲವೂ ಪೆಟ್ರೋಲ್ ಸುಟ್ಟು ಕ್ಲಚ್ ಕಾಯಿಸಿದಂತೆ.

*ಫೈನಲ್ ಗೇರ್:* ಹಿಂದಿನ ಚಕ್ರದ ಬಳಿಯ ಈ ಹಲ್ಲಿನ ಗೇರ್ ಬದಲಿಸಿದರೆ ಮಾತ್ರ ಒಟ್ಟು ಅನುಪಾತವೇ ಬದಲಾಗುತ್ತೆ. ಹೈವೇಯಲ್ಲಿ ಆರ್‌ಪಿಎಂ ಇಳಿಸುವ ನಿಜವಾದ ದಾರಿ ಇದೇ. ಆದರೆ ಗೇರ್‌ಬಾಕ್ಸ್ ಬಿಚ್ಚಬೇಕು, ಖರ್ಚು ಜಾಸ್ತಿ, ಹೊರಡುವಾಗಿನ ಎಳೆತ ಕಡಿಮೆ.

ನನ್ನ ಗಾಡಿಯಲ್ಲಿ ಆದದ್ದು

ಮೊದಲು ಹಗುರ ರೋಲರ್, ಜೊತೆಗೆ ಗಟ್ಟಿ ಕ್ಲಚ್ ಸ್ಪ್ರಿಂಗ್ ಹಾಕಿಸಿದೆ. ಸಿಗ್ನಲ್‌ನಲ್ಲಿ ಎಲ್ಲರಿಗಿಂತ ಮುಂದೆ. ಎರಡು ವಾರ ಖುಷಿ. ಆಮೇಲೆ ಟ್ಯಾಂಕ್ ಬೇಗ ಖಾಲಿಯಾಗತೊಡಗಿತು, ಹೊರಡುವಾಗ ಕ್ಲಚ್ ನಡುಗತೊಡಗಿತು. ಬಿಚ್ಚಿ ನೋಡಿದರೆ ಕ್ಲಚ್ ಬೆಲ್ ಬಿಸಿಗೆ ನೀಲಿ ಬಣ್ಣಕ್ಕೆ ತಿರುಗಿತ್ತು. ‘ಅಣ್ಣ, ಇದನ್ನ ಮೊದಲೇ ಹೇಳಬಾರದಿತ್ತಾ?’ ಅಂದೆ. ‘ನೀವು ಪಿಕಪ್ ಕೇಳಿದ್ರಿ, ಕೊಟ್ಟೆ’ ಅಂದರು ಮೆಕ್ಯಾನಿಕ್. ಮಾತು ನ್ಯಾಯವಾದದ್ದೇ.

ಎರಡನೇ ಸಲ ಮೂಲ ಸ್ಪ್ರಿಂಗ್ ವಾಪಸ್ ಹಾಕಿಸಿ, ರೋಲರ್ ಮಾತ್ರ ಮೂಲಕ್ಕಿಂತ ಒಂದು ಗ್ರಾಂ ಭಾರದ್ದು ಹಾಕಿಸಿದೆ. ಈ ಬಾರಿ ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ಲೆಕ್ಕ ಬರೆದೆ. ಮೀಟರ್ ತೋರಿಸುವ ಮೈಲೇಜನ್ನು ನಂಬಲಿಲ್ಲ. ನಾಲ್ಕು ಟ್ಯಾಂಕಿನ ಸರಾಸರಿಯಲ್ಲಿ ವ್ಯತ್ಯಾಸ ಲೀಟರಿಗೆ ಎರಡು ಕಿಲೋಮೀಟರ್ ಕೂಡ ದಾಟಲಿಲ್ಲ. ಸದ್ದು ಕಡಿಮೆಯಾಯಿತು, ಓಟ ಮೆತ್ತಗಾಯಿತು. ಆದರೆ ಹಿಂದೆ ಒಬ್ಬರು ಕೂತರೆ ಫ್ಲೈಓವರ್ ಏರಿನಲ್ಲಿ ಗಾಡಿ ತಿಣುಕುತ್ತಿತ್ತು. ಈಗ ಕಂಪನಿ ಹೇಳಿದ ತೂಕದ್ದೇ ಇದೆ.

ಕೈ ಹಾಕುವ ಮುನ್ನ

- ಮೊದಲು ಟೈರ್ ಗಾಳಿ, ಏರ್ ಫಿಲ್ಟರ್, ಹಿಂದಿನ ಬ್ರೇಕ್ ಹಿಡಿದಿದೆಯಾ ಅಂತ ನೋಡಿ. ಆಮೇಲೆ ಬೆಲ್ಟ್ ಮತ್ತು ರೋಲರ್ ಸವೆತ. ಬಹಳ ಗಾಡಿಗಳ ಕಾಯಿಲೆ ಇಲ್ಲೇ ಸಿಗುತ್ತೆ.
- ಒಂದು ಸಲಕ್ಕೆ ಒಂದೇ ಬದಲಾವಣೆ. ರೋಲರ್, ಸ್ಪ್ರಿಂಗ್, ಬೆಲ್ಟ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ.
- ತೂಕ ಬದಲಿಸುವುದಾದರೆ ಒಂದು ಗ್ರಾಂನಿಂದ ಶುರು ಮಾಡಿ. ಆರೂ ಒಂದೇ ಅಳತೆಯವು ಇರಲಿ.
- ವೇರಿಯೇಟರ್ ನಟ್ ಬಿಚ್ಚಲು ಪುಲ್ಲಿ ಹಿಡಿಯುವ ಸಾಧನ, ಬಿಗಿ ಮಾಡಲು ಟಾರ್ಕ್ ವ್ರೆಂಚ್ ಬೇಕು. ಫ್ಯಾನ್ ರೆಕ್ಕೆಗೆ ಸ್ಕ್ರೂಡ್ರೈವರ್ ಸಿಕ್ಕಿಸಿ ತಿರುಗಿಸುವವರ ಕೈಗೆ ಗಾಡಿ ಕೊಡಬೇಡಿ. ಬಿಗಿ ಸಾಲದೆ ನಟ್ ಸಡಿಲವಾದರೆ ಕ್ರ್ಯಾಂಕ್ ತುದಿಯೇ ಹಾಳು.
- ಬೆಲ್ಟಿಗೆ, ಪುಲ್ಲಿ ಮುಖಕ್ಕೆ ಗ್ರೀಸ್ ತಾಗಬಾರದು. ಬೆಲ್ಟ್ ಮೇಲಿನ ಬಾಣದ ಗುರುತು ನೋಡಿ. ಒಳಗಿನ ದೂಳನ್ನು ಊದಿಸುವಾಗ ಮಾಸ್ಕ್ ಹಾಕಿ.
- ತೆಗೆದ ಮೂಲ ಭಾಗಗಳನ್ನು ಎತ್ತಿಡಿ.

ಕಾನೂನು ಏನನ್ನುತ್ತೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ, ನಿಯಮ ಮೀರಿದ ಪ್ರತಿ ಮಾರ್ಪಾಡಿಗೆ 5000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸುತ್ತೆ.

ರೋಲರ್ ತೂಕ ಆರ್‌ಸಿಯಲ್ಲಿ ಇರಲ್ಲ. ಹಾಗಾಗಿ ನನ್ನ ಓದಿನ ಪ್ರಕಾರ ಒಂದು ಗ್ರಾಂ ರೋಲರನ್ನೂ, ಸಿಸಿ ಹೆಚ್ಚಿಸುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ವಾರಂಟಿ ಇರುವ ಗಾಡಿಯಲ್ಲಿ ಬೆಲ್ಟ್, ಕ್ಲಚ್ ಕೆಟ್ಟರೆ ಕಂಪನಿ ಕೈ ತೊಳೆದುಕೊಳ್ಳಬಹುದು. ಮಾರ್ಪಾಡನ್ನು ತಿಳಿಸಿಲ್ಲ ಅಂತ ವಿಮೆಯವರೂ ತಕರಾರು ತೆಗೆಯಬಹುದು. ಅಪಘಾತವಾದ ದಿನ ಈ ಸಣ್ಣಕ್ಷರಗಳೇ ದೊಡ್ಡದಾಗುವುದು.

ಉಳಿತಾಯ ಯಾರ ಜೇಬಿಗೆ?

ಈಗ ರೂಪಾಯಿ ಲೆಕ್ಕ. ಡೆಲಿವರಿ ಕೆಲಸ ಮಾಡುವ ಹುಡುಗನೊಬ್ಬ 125 ಸಿಸಿ ಸ್ಕೂಟರಿನಲ್ಲಿ ದಿನಕ್ಕೆ 120 ಕಿ.ಮೀ. ಓಡುತ್ತಾನೆ, ಲೀಟರಿಗೆ 45 ಕಿ.ಮೀ. ಬರುತ್ತೆ, ಪೆಟ್ರೋಲ್ 103 ರೂ. ಎಂದು ಹಿಡಿಯೋಣ. ದಿನಕ್ಕೆ ಸುಮಾರು 275 ರೂ. ಖರ್ಚು. ರೋಲರ್ ಬದಲಿಸಿ ಶೇ. 5 ಮೈಲೇಜ್ ಹೆಚ್ಚಿತು ಅಂತಲೇ ಉದಾರವಾಗಿ ಒಪ್ಪೋಣ. ಉಳಿಯುವುದು ದಿನಕ್ಕೆ 13 ರೂ. 26 ದಿನ ದುಡಿದರೆ ತಿಂಗಳಿಗೆ 340 ರೂ. ಸುಮ್ಮನೆ ತಳ್ಳಿಹಾಕುವ ಮೊತ್ತವಲ್ಲ, ಆದರೆ ಬೆಲ್ಟ್ ಒಮ್ಮೆ ಬೇಗ ಸವೆದರೆ ಕೆಲವು ತಿಂಗಳ ಉಳಿತಾಯ ಹೋಯಿತು.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ. ಇ-20 ಪೆಟ್ರೋಲ್ ಹಾಕಿದಾಗ, ಅದಕ್ಕೆಂದು ರೂಪಿಸದ ದ್ವಿಚಕ್ರ ವಾಹನಗಳ ಇಂಧನ ಕ್ಷಮತೆ ಶೇ. 3ರಿಂದ 4ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ಎಥೆನಾಲ್ ಮಾರ್ಗಸೂಚಿಯೇ ಅಂದಾಜಿಸಿತ್ತು. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಹಾಗಾಗಿ ಇದರಲ್ಲಿ ಅಚ್ಚರಿಯಿಲ್ಲ. ನಮ್ಮ ಹುಡುಗನ ಗಾಡಿ ಹಳೆಯದಾಗಿದ್ದು ಶೇ. 4 ಮೈಲೇಜ್ ಇಳಿದರೆ ದಿನಕ್ಕೆ 11 ರೂ. ಹೆಚ್ಚುವರಿ. ಅಂದರೆ ಅವನು ಗ್ಯಾರೇಜಿನಲ್ಲಿ ಕೂತು ಗ್ರಾಂ ಲೆಕ್ಕದಲ್ಲಿ ಗಳಿಸಿದ್ದು, ಇಂಧನ ನೀತಿ ತೆಗೆದುಕೊಂಡದ್ದಕ್ಕೆ ಹೆಚ್ಚುಕಮ್ಮಿ ಸಮ. ಇತ್ತ 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿ, ಲೀಟರಿಗೆ 3 ರೂ. ಹೆಚ್ಚಾಯಿತು. ಅದರ ಪಾಲು ದಿನಕ್ಕೆ 8 ರೂ. ಕೇಂದ್ರವೂ ರಾಜ್ಯವೂ ಒಂದೇ ಟ್ಯಾಂಕಿಗೆ ಕೈ ಹಾಕಿವೆ.

2025ರಲ್ಲಿ ಬಂದ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇ. 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯುತ್ತೆ. ಒಳ್ಳೆಯ ಹೆಜ್ಜೆ. ಆದರೆ ಕಿಲೋಮೀಟರಿಗೆ ಇಷ್ಟು ಇಂಧನ ಭತ್ಯೆ ಅಂತ ಅದು ಹೇಳಲ್ಲ. ಪೆಟ್ರೋಲ್, ಬೆಲ್ಟ್, ರೋಲರ್, ಎಲ್ಲವೂ ‘ಪಾರ್ಟ್ನರ್’ ಎಂದು ಕರೆಸಿಕೊಳ್ಳುವವನ ಖಾತೆಯಲ್ಲೇ. ಬೇಗ ತಲುಪಿಸಬೇಕು ಅಂದರೆ ಹಗುರ ರೋಲರ್, ಪೆಟ್ರೋಲ್ ಉಳಿಸಬೇಕು ಅಂದರೆ ಭಾರದ್ದು. ಆ್ಯಪ್ ಎರಡನ್ನೂ ಒಟ್ಟಿಗೆ ಕೇಳುತ್ತೆ, ಸಿವಿಟಿ ಒಂದನ್ನು ಮಾತ್ರ ಕೊಡುತ್ತೆ.

ಗೆಳೆಯರು ಯಾರಾದರೂ ‘ರೋಲರ್ ಹಾಕಿಸ್ಲಾ?’ ಅಂತ ಕೇಳಿದರೆ ನಾನೀಗ ಹೇಳುವುದು ಇಷ್ಟು: ಬೆಲ್ಟ್ ಬಿಚ್ಚಿಸಿ ಸವೆತ ನೋಡಿಸು, ಕಂಪನಿ ತೂಕದ ಹೊಸ ರೋಲರ್ ಹಾಕಿಸು, ನಾಲ್ಕು ಟ್ಯಾಂಕ್ ಲೆಕ್ಕ ಬರೆದಿಡು. ಆ ಲೆಕ್ಕದ ಚೀಟಿಯನ್ನು ಬಿಸಾಡಬೇಡ. ಮುಂದೆ ಇಂಧನ ಭತ್ಯೆಗಾಗಿ ಸಂಘದ ಜೊತೆ ಹೋಗಿ ಕೇಳುವಾಗ ಅದೇ ನಿನ್ನ ದಾಖಲೆ.