ನಿಮ್ಮ ಏರಿಯಾದಲ್ಲಿ ಮನೆಗಿಂತ ಮೊದಲು ಏನು ಬಂತು?

1/8
"ನಮ್ಮ ಏರಿಯಾನೇ ಬೆಸ್ಟು" ಅನ್ನೋ ಜಗಳ ಪ್ರತಿ ಕ್ಲಾಸಲ್ಲೂ ಇರುತ್ತೆ. ಮಲ್ಲೇಶ್ವರದವರಿಗೆ ಮರದ ನೆರಳಿನ ಹೆಮ್ಮೆ, ಬಸವನಗುಡಿಯವರಿಗೆ ಗಾಂಧಿ ಬಜಾರಿನ ಹೆಮ್ಮೆ. ಮುಂಬಯಿಯಲ್ಲಿ ನೆಂಟರಿದ್ದರೆ ಕೇಳಿ ನೋಡಿ, ಸ್ಟೇಷನ್ನಿಂದ ಮನೆಗೆ ಎಷ್ಟು ನಿಮಿಷ ಅನ್ನೋದನ್ನೇ ಮೊದಲು ಹೇಳ್ತಾರೆ. ಚೆನ್ನೈಯವರು ಟಿ. ನಗರ ಅಂದ ಕೂಡಲೇ ಅಂಗಡಿ ಬೀದಿಯ ಮಾತು ತೆಗೀತಾರೆ.

ಈ ಮೂರೂ ಊರಿನ ಹಳೇ ಬಡಾವಣೆಗಳು ಹುಟ್ಟಿದ್ದು 1890ರಿಂದ 1930ರ ಒಳಗೆ. ಆದರೂ ಒಂದೊಂದರ ಅನುಕೂಲ ಒಂದೊಂದು ಥರ. ಯಾಕೆ ಹೀಗೆ? ನಾನು ಹೇಳೋಕೆ ಹೊರಟಿರೋದು ಇಷ್ಟೇ: ಆ ಜಾಗದಲ್ಲಿ ಮನೆಗಿಂತ ಮೊದಲು ಏನು ಬಂತು, ಯಾವುದು ಅಳಿಸಿಹೋಯ್ತು ಅಂತ ಗೊತ್ತಾದರೆ, ಇವತ್ತಿನ ಸುಖವೂ ಅರ್ಥ ಆಗುತ್ತೆ, ಕಷ್ಟವೂ ಅರ್ಥ ಆಗುತ್ತೆ. ಬನ್ನಿ.

2/8 ಎಲ್ಲಕ್ಕೂ ಮುಂಚೆ ಪ್ಲೇಗು
1896ರಲ್ಲಿ ಬೊಂಬಾಯಿಗೆ ಪ್ಲೇಗು ಬಂತು. ಹಡಗುಕಟ್ಟೆ ಪಕ್ಕದ ಮಾಂಡ್ವಿ ಅನ್ನೋ ಕಡೆ ಮೊದಲು ಕಾಣಿಸಿಕೊಂಡಿತು. ಎರಡೇ ವರ್ಷಕ್ಕೆ, 1898ರಲ್ಲಿ, ಬೆಂಗಳೂರಿಗೂ ಬಂತು. ಜನ ಮನೆ ಬಿಟ್ಟು ಊರಾಚೆ ಶೆಡ್ಡುಗಳಲ್ಲಿ ಇರಬೇಕಾಯ್ತು. ಆ ಭಯ ಎಷ್ಟಿತ್ತು ಅಂದರೆ, ಪ್ಲೇಗಿನ ಮಾರಮ್ಮನ ಗುಡಿಗಳು ಬೆಂಗಳೂರಲ್ಲಿ ಇವತ್ತಿಗೂ ಇವೆ.

ಇಲಿಯ ಮೈಮೇಲಿನ ಚಿಗಟದಿಂದ ಈ ರೋಗ ಹರಡುತ್ತೆ ಅನ್ನೋದು ಆಗಿನ್ನೂ ಒಪ್ಪಿತವಾದ ಮಾತಾಗಿರಲಿಲ್ಲ. ಅಧಿಕಾರಿಗಳ ಕಣ್ಣಿಗೆ ಬಿದ್ದದ್ದು ಇಕ್ಕಟ್ಟಾದ ಓಣಿ, ಗಾಳಿ ಬೆಳಕಿಲ್ಲದ ಕೋಣೆ. ಹಾಗಾಗಿ ಎರಡೂ ಊರಲ್ಲಿ ಮದ್ದು ಒಂದೇ: ಊರನ್ನು ಆಚೆಗೆ ಹರಡಿ, ರಸ್ತೆ ಅಗಲ ಮಾಡಿ. ಮದ್ದು ಒಂದೇ ಆದರೂ ಹುಟ್ಟಿದ ಊರು ಬೇರೆ ಬೇರೆ.

3/8 ಮುಂಬಯಿ: ಹಳಿ ಮೊದಲು, ಮನೆ ಆಮೇಲೆ
1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಮೊದಲ ಪ್ಯಾಸೆಂಜರ್ ರೈಲು ಓಡಿತು. 34 ಕಿ.ಮೀ. ದಾರಿ. ದಾದರ್, ಮಾಟುಂಗದ ಕಡೆ ಆಗ ಇದ್ದದ್ದು ಗದ್ದೆ, ತೋಟ, ಸಣ್ಣ ಹಳ್ಳಿಗಳು. ಪ್ಲೇಗಿನ ನಂತರ 1898ರಲ್ಲಿ ಬೊಂಬಾಯಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಶುರುವಾಯ್ತು. ಅದು ದಾದರ್, ಮಾಟುಂಗ, ಸಯನ್ ಕಡೆ ಬಡಾವಣೆ ಹಾಕುವ ಹೊತ್ತಿಗೆ ಹಳಿ ಬಿದ್ದು ಸುಮಾರು 45 ವರ್ಷ ಆಗಿತ್ತು. 1925ರಲ್ಲಿ ಕುರ್ಲಾಕ್ಕೆ ಕರೆಂಟ್ ರೈಲೂ ಬಂತು.

ಅಂದರೆ ಅಲ್ಲಿ ಮನೆ ಕಟ್ಟಿದವರಿಗೆ ಕೋಟೆ ಕಡೆ ಆಫೀಸಿಗೆ ಹೋಗೋದು ಹೇಗೆ ಅನ್ನೋ ಚಿಂತೆಯೇ ಇರಲಿಲ್ಲ. ಗುಮಾಸ್ತರು, ಟೈಪಿಸ್ಟುಗಳು ಇಲ್ಲಿಗೇ ಬಂದರು. ಅವರಲ್ಲಿ ದಕ್ಷಿಣದವರು ಬಹಳ ಜನ, ನಮ್ಮವರೂ ಇದ್ದರು. ಮುಂಬಯಿಯ ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ. ಅದು ಇರೋದು ಮಾಟುಂಗದಲ್ಲೇ. ಸ್ಟೇಷನ್ ಪಕ್ಕದ ಉಡುಪಿ ಹೋಟೆಲುಗಳೂ ಇದೇ ಕಥೆಯ ಭಾಗ. ಒಂಟಿಯಾಗಿ ಬಂದ ಗುಮಾಸ್ತನಿಗೆ ಊಟ ಬೇಕಿತ್ತಲ್ಲ!

4/8 ಅಲ್ಲಿನ ಬೆಲೆ
ಆದರೆ ನಮ್ಮ ಥರ ಕಾಂಪೌಂಡು, ಸಂಪಿಗೆ ಮರ, ಹಿತ್ತಲು ಅಲ್ಲಿ ಹೆಚ್ಚಿನವರಿಗೆ ಸಿಗಲಿಲ್ಲ. ಸ್ಟೇಷನ್ ಹತ್ತಿರದ ನೆಲಕ್ಕೆ ಬೆಲೆ ಜಾಸ್ತಿ, ಹಾಗಾಗಿ ಮೂರು ನಾಲ್ಕು ಮಹಡಿಯ ಫ್ಲಾಟುಗಳೇ ಬೆಳೆದವು. ಚಾಳಿನಲ್ಲಿ ಸಾಲು ಮನೆಗೆಲ್ಲ ಸೇರಿ ಒಂದು ಕಡೆ ಪಾಯಿಖಾನೆ. ಫ್ಲಾಟಿನಲ್ಲಿ ಅದು ಮನೆಯೊಳಗೇ ಬಂತು. ಆ ಕಾಲಕ್ಕೆ ಅದೇ ದೊಡ್ಡ ಸುಖ.

ಇನ್ನೊಂದು ವಿಷಯ. ಟ್ರಸ್ಟ್ ಊರೊಳಗಿನ ಇಕ್ಕಟ್ಟಿನ ಮನೆಗಳನ್ನು ಕೆಡವಿತು. ಅಲ್ಲಿದ್ದ ಕೂಲಿ ಜನಕ್ಕೆ ಈ ಹೊಸ ಬಡಾವಣೆಯ ಬಾಡಿಗೆ ಕೊಡೋಕೆ ಆಗಲಿಲ್ಲ. ಅವರು ಪಕ್ಕದ ಓಣಿಗೆ ಹೋಗಿ ಅಲ್ಲಿನ ಇಕ್ಕಟ್ಟನ್ನು ಇನ್ನೂ ಹೆಚ್ಚು ಮಾಡಿದರು, ಅಷ್ಟೇ. ಪ್ಲೇಗಿಗೆ ಹೆದರಿ ಕಟ್ಟಿದ ಊರು ಪ್ಲೇಗಿಗೆ ಹೆಚ್ಚು ಸತ್ತವರ ಪಾಲಿಗೆ ಬರಲಿಲ್ಲ.

5/8 ಬೆಂಗಳೂರು: ಸೈಟು ಮೊದಲು
ಬಸವನಗುಡಿ, ಮಲ್ಲೇಶ್ವರದ ಯೋಚನೆ 1890ರ ದಶಕದ ಶುರುವಿನಲ್ಲೇ ಇತ್ತು. ಆಗ ಕೆ. ಶೇಷಾದ್ರಿ ಅಯ್ಯರ್ ದಿವಾನರು. ಪ್ಲೇಗು ಬಂದ ಮೇಲೆ ಕೆಲಸ ಚುರುಕಾಯ್ತು. ನೇರ ರಸ್ತೆ, ಎಣಿಸಿ ಇಟ್ಟ ಹಾಗೆ ಕ್ರಾಸುಗಳು, ಗಾಳಿ ಬೆಳಕಿನ ಸೈಟು. ಎರಡೂ ಕಡೆ ಮೊದಲೇ ಗುಡಿ ಇತ್ತು, ಒಂದು ಕಡೆ ದೊಡ್ಡ ಬಸವಣ್ಣ, ಇನ್ನೊಂದು ಕಡೆ ಕಾಡು ಮಲ್ಲೇಶ್ವರ. ಹೆಸರು ಬಂದದ್ದೂ ಅಲ್ಲಿಂದಲೇ.

ಇಲ್ಲಿನ ಚೆಂದ ಏನು ಅಂದರೆ ನಡಿಗೆ. ಗುಡಿ, ಸಂತೆ, ಸ್ಕೂಲು, ಪಾರ್ಕು ಎಲ್ಲ ಕಾಲಳತೆಯಲ್ಲಿ. ಪೇಟೆಗೂ ನಡೆದೋ, ಸೈಕಲ್ಲಿನಲ್ಲೋ, ಜಟಕಾದಲ್ಲೋ ಹೋಗಿಬರಬಹುದಿತ್ತು. ಬೆಂಗಳೂರಿಗೆ ರೈಲು 1864ರಲ್ಲೇ ಬಂದಿದ್ದರೂ ದಿನಾ ಕೆಲಸಕ್ಕೆ ಹೋಗೋರಿಗೆ ಅಂತ ಅದನ್ನು ಬೆಳೆಸಲಿಲ್ಲ. ಊರು ಚಿಕ್ಕದಿತ್ತು, ಬೇಕು ಅಂತಲೂ ಅನ್ನಿಸಿರಲಿಕ್ಕಿಲ್ಲ. ಬಸ್ ಕಂಪನಿ ಬಂದದ್ದು 1940ರಲ್ಲಿ. ಮಲ್ಲೇಶ್ವರದ ಸಂಪಿಗೆ ರಸ್ತೆಗೆ ಮೆಟ್ರೋ ಬಂದದ್ದು 2014ರಲ್ಲಿ! ಮುಂಬಯಿಯ ಲೆಕ್ಕ ಇಲ್ಲಿ ಪೂರಾ ತಿರುಗುಮುರುಗು.

6/8 ಹಿಂದಿನ ಓಣಿ
ಮಲ್ಲೇಶ್ವರ, ಬಸವನಗುಡಿಯಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಕಿರಿದಾದ ಓಣಿ ನೋಡಿದ್ದೀರಾ? ಅದರ ಹೆಸರು ಕನ್ಸರ್ವೆನ್ಸಿ ಓಣಿ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸ್ತಾರೆ. ಒಳಚರಂಡಿ ಇಲ್ಲದ ಕಾಲದಲ್ಲಿ ಪಾಯಿಖಾನೆ ತೆಗೆಯುವ ಕೆಲಸದವರು ಮನೆ ಮುಂದಿನ ರಸ್ತೆಗೆ ಬರದೆ ಹಿಂದಿನಿಂದಲೇ ಬಂದು ಹೋಗಲಿ ಅಂತ ಅದನ್ನು ಬಿಟ್ಟಿದ್ದು. ಸೈಟು ಹಂಚುವಾಗಲೂ ಬ್ಲಾಕುಗಳನ್ನು ಜಾತಿ, ಸಮುದಾಯದ ಪ್ರಕಾರ ಬೇರೆ ಮಾಡಿದ್ದರು.

ಆ ಮರಗಳ ನೆರಳು ನಿಜ. ಆ ನೆರಳು ಯಾರಿಗೆ, ಹಿಂದಿನ ಓಣಿ ಯಾರಿಗೆ ಅಂತ ನಕ್ಷೆ ಬರೆಯುವಾಗಲೇ ತೀರ್ಮಾನ ಆಗಿತ್ತು ಅನ್ನೋದೂ ಅಷ್ಟೇ ನಿಜ. ಹಳೇ ಬೆಂಗಳೂರಿನ ಚೆಂದದ ಫೋಟೋ ಹಾಕುವಾಗ ಈ ಓಣಿಯದ್ದೂ ಒಂದು ಹಾಕೋಣ.

7/8 ಚೆನ್ನೈ: ಕೆರೆ ಹೋಗಿ ಊರಾಯ್ತು
ಹಳೇ ಮದ್ರಾಸಿನ ನಕ್ಷೆಗಳಲ್ಲಿ ನುಂಗಂಬಾಕ್ಕಂ, ಮಾಂಬಲಂ ಕಡೆ ಉದ್ದಕ್ಕೆ ಚಾಚಿದ ಒಂದು ಕೆರೆ ಕಾಣುತ್ತೆ. ಹೆಸರೇ ಲಾಂಗ್ ಟ್ಯಾಂಕ್. 1920ರ ದಶಕದಲ್ಲಿ, ಜಸ್ಟಿಸ್ ಪಕ್ಷದ ಸರ್ಕಾರ ಇದ್ದಾಗ, ಅದರ ನೀರು ಖಾಲಿ ಮಾಡಿಸಿ ಬಡಾವಣೆ ಹಾಕಿದರು. ಪಕ್ಷದ ನಾಯಕ ತ್ಯಾಗರಾಯ ಚೆಟ್ಟಿಯವರ ಹೆಸರಿನಿಂದ ಅದು ತ್ಯಾಗರಾಯ ನಗರ, ಅಂದರೆ ಟಿ. ನಗರ. ನಡುವಿನ ಪಾರ್ಕಿಗೆ ಪಾನಗಲ್ ರಾಜರ ಹೆಸರು. 1931ರಲ್ಲಿ ಬೀಚ್‌ನಿಂದ ತಾಂಬರಂವರೆಗೆ ಕರೆಂಟ್ ರೈಲು ಬಂತು, ಮಾಂಬಲಂ ಸ್ಟೇಷನ್ ಅದೇ ದಾರಿಯಲ್ಲಿ. ಸ್ಟೇಷನ್ನಿನಿಂದ ಇಳಿದರೆ ರಂಗನಾಥನ್ ಸ್ಟ್ರೀಟ್. ಜನ ರೈಲಿಂದ ಇಳಿಯುವ ಕಡೆ ಅಂಗಡಿ ಬೆಳೀತು, ಸೀದಾ ಲೆಕ್ಕ.

ಮನೆ, ರೈಲು, ಪಾರ್ಕು, ಅಂಗಡಿ ನಾಲ್ಕೂ ಒಂದೇ ಕಡೆ. ಇಷ್ಟು ಅನುಕೂಲ ಮುಂಬಯಿಯಲ್ಲೂ ಕಷ್ಟ. ಆದರೆ ನೀರಿಗೆ ತನ್ನ ಜಾಗ ಮರೆತುಹೋಗಿಲ್ಲ. ಜೋರು ಮಳೆ ಬಂದರೆ ತಗ್ಗಿನ ಬೀದಿಗಳಲ್ಲಿ ನೀರು ನಿಲ್ಲುತ್ತೆ. ಪಶ್ಚಿಮ ಮಾಂಬಲಂನಲ್ಲಿ ಲೇಕ್ ವ್ಯೂ ರೋಡ್ ಅಂತ ಒಂದು ರಸ್ತೆ ಇದೆ. ವ್ಯೂ ನೋಡೋಣ ಅಂದರೆ ಲೇಕೇ ಇಲ್ಲ.

ನಗಬೇಡಿ. ನಮ್ಮ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಸ್ಟೇಡಿಯಂ ಇರೋದು ಸಂಪಂಗಿ ಕೆರೆಯ ಜಾಗದಲ್ಲಿ.

8/8 ಈಗ ನಮ್ಮ ಸರದಿ
ಕೊನೆಗೆ ವೈಟ್‌ಫೀಲ್ಡ್. 1882ರಲ್ಲಿ ಮೈಸೂರು ಮಹಾರಾಜ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಕೊಟ್ಟ 3,900 ಎಕರೆಯಲ್ಲಿ ಹುಟ್ಟಿದ ಊರು. ಸಂಘದ ಮುಖಂಡ ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ. ಜೋಲಾರಪೇಟೆಯ ರೈಲು ಹಳಿ ಅದಕ್ಕೂ ಮುಂಚೆಯಿಂದಲೇ ಪಕ್ಕದಲ್ಲಿ ಹಾದುಹೋಗ್ತಾ ಇತ್ತು. 1990ರ ದಶಕದಲ್ಲಿ ಐಟಿಪಿಎಲ್ ಬಂತು, ಅದರ ಹಿಂದೆ ಅಪಾರ್ಟ್‌ಮೆಂಟು, ಪಿಜಿ. ಮೆಟ್ರೋ ಬಂದದ್ದು 2023ರಲ್ಲಿ.

ನೋಡಿ, ಹಳಿ ಇದ್ದರೆ ಸಾಲದು. ಅದರ ಮೇಲೆ ಹತ್ತು ನಿಮಿಷಕ್ಕೊಂದು ರೈಲು ಓಡಬೇಕು, ಮನೆ ಮತ್ತು ಕೆಲಸ ಸ್ಟೇಷನ್ನಿಗೆ ಮುಖ ಮಾಡಿ ಬೆಳೀಬೇಕು. ಮುಂಬಯಿಯಲ್ಲಿ ಅದಾಯ್ತು, ನಮ್ಮಲ್ಲಿ ಆಗಲಿಲ್ಲ. ಬೆಂಗಳೂರಿನ ಉಪನಗರ ರೈಲಿಗೆ, ಒಟ್ಟು 148 ಕಿ.ಮೀ. ನಾಲ್ಕು ಮಾರ್ಗಕ್ಕೆ, ಶಂಕುಸ್ಥಾಪನೆ ಆದದ್ದು 2022ರಲ್ಲಿ.

ಹಾಗಾದರೆ ಯಾವ ಊರಿನ ಬಡಾವಣೆ ಬೆಸ್ಟು? ಕೆಲಸಕ್ಕೆ ಓಡೋಕೆ ಮಾಟುಂಗ. ಸಂಜೆ ನಡೆಯೋಕೆ ಮಲ್ಲೇಶ್ವರ. ಎರಡೂ ಬೇಕು, ಮಳೆಗಾಲ ತಡ್ಕೋತೀನಿ ಅಂದರೆ ಟಿ. ನಗರ. ಆದರೆ ಮೂರರಲ್ಲೂ ಅನುಕೂಲ ತಾನಾಗಿ ಬಂದಿಲ್ಲ. ಯಾರೋ ನಕ್ಷೆ ಬರೆದರು, ಯಾರೋ ಜಾಗ ಕಳಕೊಂಡರು.

ನಾಳೆ ಕೆಲಸ ಸಿಕ್ಕಿ ಮನೆ ಹುಡುಕೋರು ನೀವೇ. ಬಾಡಿಗೆ ಎಷ್ಟು, ವೈಫೈ ಇದೆಯಾ ಅನ್ನೋದರ ಜೊತೆಗೆ ಇದನ್ನೂ ಕೇಳಿ: ಇಲ್ಲಿ ಮೊದಲು ಏನಿತ್ತು? ಕೆರೆಯಾ? ಯಾರದೋ ಹೊಲವಾ? ಬಸ್ಸು, ರೈಲು ಮನೆಗಿಂತ ಮೊದಲು ಬಂತಾ, ಇನ್ನೂ ಬರಬೇಕಾ? ನಾವು ಕೇಳದೇ ಇದ್ದರೆ ಮುಂದಿನ ಲೇಔಟಿನಲ್ಲೂ ಅಪಾರ್ಟ್‌ಮೆಂಟ್ ಮೊದಲು, ಉಳಿದದ್ದೆಲ್ಲ ಆಮೇಲೆ.

ಇವತ್ತು ಮನೆಯಲ್ಲಿ ಅಜ್ಜಿಯನ್ನೋ ತಾತನನ್ನೋ, ಇಲ್ಲಾ ಬೀದಿಯ ಹಳೇ ಅಂಗಡಿಯವರನ್ನೋ ಕೇಳಿ, ನಿಮ್ಮ ಏರಿಯಾದಲ್ಲಿ ಮನೆಗಿಂತ ಮೊದಲು ಏನಿತ್ತು ಅಂತ ಕಾಮೆಂಟಲ್ಲಿ ಬರೀರಿ. ಎಲ್ಲ ಓದ್ತೀನಿ.

#ಏರಿಯಾಇತಿಹಾಸ #ಬೆಂಗಳೂರು #ಮಾಟುಂಗ #ಟಿನಗರ