ಗಾದಿ ಕೊಳ್ಳುವ ಮುನ್ನ: ಹತ್ತಿ, ನಾರು, ಫೋಮ್, ಸ್ಪ್ರಿಂಗ್‌ಗಳಲ್ಲಿ ಯಾವುದು ಬಾಳಿಕೆ? ಯಾವುದು ಸುಖ?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಕನ್ನಡದವರು ಹೇಳಿದರೆ, ‘ಅಂಥರೂಣ ಪಾಹೂನ ಪಾಯ ಪಸರಾವೇತ’ ಎಂದು ಮರಾಠಿಯವರು ಹೇಳುತ್ತಾರೆ. ಎರಡೂ ಮಾತು ಗಡಿಭಾಗದ ಮನೆಗಳಲ್ಲಿ ದಿನವೂ ಕೇಳಿಬರುತ್ತವೆ. ಆದರೆ ಆ ಹಾಸಿಗೆಯ ಒಳಗೆ ಏನಿದೆ ಎಂದು ನೋಡಿ ಕೊಳ್ಳುವವರು ಕಡಿಮೆ. ಮದುವೆಗೆ, ಬಾಣಂತನಕ್ಕೆ, ಹೊಸ ಮನೆಗೆ ಎಂದು ಅವಸರದಲ್ಲಿ ಗಾದಿ ತರುತ್ತೇವೆ. ಎರಡೇ ವರ್ಷಕ್ಕೆ ನಡುವೆ ತಗ್ಗು ಬೀಳುತ್ತದೆ. ಹಣವೂ ಹೋಗುತ್ತದೆ, ನಡುವೂ ನೋಯುತ್ತದೆ.

ಕೊರೋಚಿ, ಇಚಲಕರಂಜಿ ಸುತ್ತಿನ ಊರುಗಳಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. 1904ರಲ್ಲಿ ವಿಠ್ಠಲರಾವ್ ದಾತಾರ್ ಅವರು ಇಚಲಕರಂಜಿಯಲ್ಲಿ ಮೊದಲ ಪವರ್‌ಲೂಮ್ ಹಾಕಿದಂದಿನಿಂದ ಇಲ್ಲಿನ ಬದುಕು ನೂಲು, ಬಟ್ಟೆಗಳ ಸುತ್ತಲೇ ಬೆಳೆದಿದೆ. ಪಾಳಿ ಮುಗಿಯುವವರೆಗೆ ಮಗ್ಗದ ಮುಂದೆ ನಿಂತು ಬಂದವರಿಗೆ ನಿದ್ದೆಯೇ ಮರುದಿನದ ದುಡಿಮೆಯ ಬಂಡವಾಳ. ಆದ್ದರಿಂದ ಗಾದಿಯ ಬಗೆಗಳು, ಅವುಗಳ ಬಾಳಿಕೆ, ಕೊಳ್ಳುವಾಗ ಗಮನಿಸಬೇಕಾದ ಸಂಗತಿಗಳನ್ನು ಇಲ್ಲಿ ಕೊಡಲಾಗಿದೆ.

ಹತ್ತಿಯ ಗಾದಿ

ಎಲ್ಲಕ್ಕಿಂತ ಹಳೆಯದು, ಈಗಲೂ ಹಳ್ಳಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹತ್ತಿಯ ಗಾದಿಯೇ. 6 ಅಡಿ ಉದ್ದ, 3 ಅಡಿ ಅಗಲದ ಗಾದಿಗೆ ಸಾಮಾನ್ಯವಾಗಿ 8ರಿಂದ 12 ಕಿಲೊ ಹತ್ತಿ ಬೇಕು. ಹತ್ತಿ ಬೆವರನ್ನು ಹೀರುತ್ತದೆ, ಗಾಳಿ ಆಡಿಸುತ್ತದೆ. ಬೇಸಿಗೆಯಲ್ಲಿ ಇದಕ್ಕೆ ಸಮನಾದ ಹಾಸಿಗೆ ಇಲ್ಲ.

ಹತ್ತಿಯಲ್ಲೂ ಜಾತಿ ಇದೆ. ಧಾರವಾಡ ಕಡೆಯ ಜಯಧರದಂಥ ದೇಶಿ ಹತ್ತಿಯ ಎಳೆ ಗಿಡ್ಡ, ಒರಟು. ನಯವಾದ ನೂಲಿಗೆ ಅದು ಹೊಂದದಿದ್ದರೂ ಒರಟುತನದಿಂದಲೇ ಬೇಗ ಒತ್ತಿಹೋಗದೆ ಪುಟಿಯುತ್ತದೆ. ಸೂತಗಿರಣಿಯಲ್ಲಿ ಉಳಿದ ಚೂರು ಹತ್ತಿ ಅಗ್ಗ, ಆದರೆ ಬೇಗ ಗಂಟು ಕಟ್ಟುತ್ತದೆ. ಬಣ್ಣದ ಚಿಂದಿಯನ್ನು ಯಂತ್ರದಲ್ಲಿ ಹರಿದು ಮಾಡಿದ ಹತ್ತಿ ಇನ್ನೂ ಕೆಳದರ್ಜೆಯದು. ಖೋಳದ ಒಂದು ಮೂಲೆ ಬಿಚ್ಚಿಸಿ, ಒಳಗಿನ ಹತ್ತಿಯನ್ನು ಬೆರಳಲ್ಲಿ ಎಳೆದು ನೋಡಿದರೆ ಗುಟ್ಟು ತಿಳಿಯುತ್ತದೆ. ಎಳೆ ಎಳೆಯಾಗಿ ಬಂದರೆ ಒಳ್ಳೆಯದು. ಧೂಳಾಗಿ ಉದುರಿದರೆ ಬೇಡ.

ಮೈಭಾರ ಮತ್ತು ತೇವದಿಂದ ಹತ್ತಿಯ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಚಪ್ಪಟೆಯಾಗುವುದೇ ಇದರ ದೊಡ್ಡ ಕೊರತೆ. ಅದಕ್ಕೆ ಮದ್ದೂ ಇದೆ. ಎರಡು ಮೂರು ವರ್ಷಕ್ಕೊಮ್ಮೆ ಬಿಚ್ಚಿ, ಪಿಂಜಾರರಿಂದ ಹತ್ತಿ ಹಿಂಜಿಸಿ, ಒಂದೆರಡು ಕಿಲೊ ಹೊಸ ಹತ್ತಿ ಸೇರಿಸಿ ಮತ್ತೆ ತುಂಬಿಸಿದರೆ ಗಾದಿ ಹೊಸದಾಗುತ್ತದೆ. ಹಿಂದೆ ಬಿಲ್ಲು ಹಿಡಿದು ಓಣಿಗೆ ಬರುತ್ತಿದ್ದ ಪಿಂಜಾರರ ಕೆಲಸವನ್ನು ಈಗ ಹೆಚ್ಚಾಗಿ ಯಂತ್ರ ಮಾಡುತ್ತದೆ. ಹೀಗೆ ಪೂರ್ತಿ ಬಿಚ್ಚಿ ಮರಳಿ ಕಟ್ಟಬಹುದಾದ ಗಾದಿ ಇದೊಂದೇ ಎನ್ನಬಹುದು.

ತೆಂಗಿನ ನಾರಿನ ಗಾದಿ

ತೆಂಗಿನ ನಾರನ್ನು, ಅಂದರೆ ಕಾಥ್ಯಾವನ್ನು ಸುರುಳಿ ಮಾಡಿ ಬಿಡಿಸಿ, ಅದಕ್ಕೆ ರಬ್ಬರ್ ಹಾಲು ಸಿಂಪಡಿಸಿ, ಕಾಯಿಸಿ, ಒತ್ತಿ ಈ ಗಾದಿ ಮಾಡುತ್ತಾರೆ. ಕನ್ನಡ ನಾಡಿನಲ್ಲಿ ಇದನ್ನು ಮನೆಮಾತು ಮಾಡಿದ್ದು 1962ರಲ್ಲಿ ಆರಂಭವಾದ ಕರ್ನಾಟಕ ಕನ್ಸ್ಯೂಮರ್ ಪ್ರಾಡಕ್ಟ್ಸ್ ಕಂಪನಿಯ ‘ಕರ್ಲ್‌ಆನ್’. ಯಾವ ಕಂಪನಿಯ ನಾರಿನ ಗಾದಿಯನ್ನಾದರೂ ‘ಕರ್ಲಾನ್’ ಎಂದೇ ಕರೆಯುವವರು ಇದ್ದಾರೆ. ಆ ಕಂಪನಿಯ ಹೆಚ್ಚಿನ ಪಾಲನ್ನು ‘ಸ್ಲೀಪ್‌ವೆಲ್’ನ ಶೀಲಾ ಫೋಮ್ ಕೊಳ್ಳುವ ಒಪ್ಪಂದವಾದದ್ದು 2023ರಲ್ಲಿ.

ನಾರಿನ ಗಾದಿ ಗಟ್ಟಿ. ನಾರಿನ ನಡುವೆ ಗಾಳಿ ಆಡುವುದರಿಂದ ಸೆಕೆಯಾಗದು. ಆದರೆ ವರ್ಷಗಳು ಕಳೆದಂತೆ ರಬ್ಬರ್ ಒಣಗುತ್ತದೆ, ನಾರು ತುಂಡಾಗಿ ಪುಡಿ ಉದುರುತ್ತದೆ, ಮಲಗುವ ಜಾಗ ಕುಸಿಯುತ್ತದೆ. ಕುಸಿದ ಮೇಲೆ ರಿಪೇರಿ ಇಲ್ಲ. ರಬ್ಬರ್ ಸೇರಿಸಿದ ನಾರಿನ ಹಾಳೆಗೆ ಐಎಸ್ 8391 ಎಂಬ ಭಾರತೀಯ ಮಾನಕವಿದೆ. ಕೊಳ್ಳುವಾಗ ಅದರ ಬಗ್ಗೆ ವಿಚಾರಿಸುವುದು ಒಳ್ಳೆಯದು.

ಫೋಮ್: ತಕ್ಕಡಿಯೇ ಸಾಕ್ಷಿ

ಫೋಮ್ ಎಂದರೆ ಪಾಲಿಯುರೆಥೇನ್. ಇದನ್ನು 1937ರಲ್ಲಿ ಕಂಡುಹಿಡಿದವರು ಜರ್ಮನಿಯ ಓಟೋ ಬೇಯರ್. ಹಗುರ, ಮೆತ್ತಗೆ, ಎತ್ತಿಡಲು ಸುಲಭ. ಹೆಚ್ಚು ಮೋಸ ಹೋಗುವುದೂ ಇಲ್ಲಿಯೇ.

ಫೋಮಿನ ಬಾಳಿಕೆಯನ್ನು ಮುಖ್ಯವಾಗಿ ನಿರ್ಧರಿಸುವುದು ಡೆನ್ಸಿಟಿ, ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೊ ತೂಗುತ್ತದೆ ಎಂಬ ಲೆಕ್ಕ. ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ. ಕಡಿಮೆ ಡೆನ್ಸಿಟಿಯ ಫೋಮನ್ನೂ ಗಟ್ಟಿಯಾಗಿ ಮಾಡಬಹುದು. ಅಂಗಡಿಯಲ್ಲಿ ಒತ್ತಿ ನೋಡಿದರೆ ಚೆನ್ನಾಗಿಯೇ ಇರುತ್ತದೆ, ಆರು ತಿಂಗಳಲ್ಲಿ ಕುಸಿಯುತ್ತದೆ.

ಇದನ್ನು ಪರೀಕ್ಷಿಸಲು ತಕ್ಕಡಿ ಸಾಕು. 6 ಅಡಿ ಉದ್ದ, 3 ಅಡಿ ಅಗಲ, 4 ಇಂಚು ದಪ್ಪದ ಫೋಮ್ ಎಂದರೆ 6 ಘನ ಅಡಿ, ಅಂದರೆ ಸುಮಾರು 0.17 ಘನ ಮೀಟರ್. ಅದರ ತೂಕ ಖೋಳ ಬಿಟ್ಟು ಹೀಗಿರಬೇಕು:

- 20 ಡೆನ್ಸಿಟಿ: ಸುಮಾರು 3.4 ಕಿಲೊ
- 32 ಡೆನ್ಸಿಟಿ: ಸುಮಾರು 5.4 ಕಿಲೊ
- 40 ಡೆನ್ಸಿಟಿ: ಸುಮಾರು 6.8 ಕಿಲೊ

‘32’ ಎಂದು ಹೇಳಿ ಕೊಟ್ಟದ್ದು ನಾಲ್ಕು ಕಿಲೊ ತೂಗಿದರೆ ಅದು 32 ಅಲ್ಲ. ದಿನವೂ ಮಲಗಲು 32ಕ್ಕಿಂತ ಕಡಿಮೆಯದು ಬೇಡ. ತೂಕ ಬರಲೆಂದು ಫೋಮಿಗೆ ಸುಣ್ಣದ ಪುಡಿ ಬೆರೆಸುವುದೂ ಉಂಟು. ಅಂಥ ಫೋಮನ್ನು ಉಜ್ಜಿದರೆ ಪುಡಿ ಉದುರುತ್ತದೆ, ಮಡಚಿದರೆ ಬೇಗ ಹರಿಯುತ್ತದೆ. ಮನೆಬಳಕೆಯ ಫೋಮ್ ಗಾದಿಗೆ ಐಎಸ್ 7933 ಮಾನಕವಿದೆ.

‘ರೀಬಾಂಡೆಡ್’ ಎಂಬುದು ಬೇರೆಯೇ ಬಗೆ. ಫೋಮ್ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಇದು ಬಹಳ ಭಾರ, ಬಹಳ ಗಟ್ಟಿ. ಇದಕ್ಕೆ ಮೇಲಿನ ಲೆಕ್ಕ ಅನ್ವಯಿಸುವುದಿಲ್ಲ. ಮೇಲೆ ಒಂದೆರಡು ಇಂಚು ಮೆತ್ತನೆಯ ಪದರ ಇದ್ದರೆ ಒಳ್ಳೆಯದು.

ಸ್ಪ್ರಿಂಗ್, ಲೇಟೆಕ್ಸ್, ಮೆಮೊರಿ ಫೋಮ್

ಸ್ಪ್ರಿಂಗ್ ಗಾದಿಯಲ್ಲಿ ಎರಡು ವಿಧ. ಬಾನೆಲ್‌ನಲ್ಲಿ ಎಲ್ಲ ಸ್ಪ್ರಿಂಗ್‌ಗಳೂ ಒಂದಕ್ಕೊಂದು ಜೋಡಣೆಯಾಗಿರುತ್ತವೆ. ಒಬ್ಬರು ಹೊರಳಿದರೆ ಪಕ್ಕದವರಿಗೂ ಅಲುಗಾಟ. ಪಾಕೆಟ್‌ನಲ್ಲಿ ಪ್ರತಿ ಸ್ಪ್ರಿಂಗ್‌ಗೂ ಬಟ್ಟೆಯ ಚೀಲವಿರುವುದರಿಂದ ಅಲುಗಾಟ ಕಡಿಮೆ, ಬೆಲೆ ಹೆಚ್ಚು. ತಂತಿಯ ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ ಎಂಬುದು ನೆನಪಿರಲಿ. ತೇವ ತಾಗಿದರೆ ತುಕ್ಕು ಹಿಡಿಯುತ್ತದೆ. ನೆಲದ ಮೇಲೆ ಹಾಸುವವರಿಗೆ ಇದು ಹೊಂದದು.

ಲೇಟೆಕ್ಸ್ ಎಂದರೆ ರಬ್ಬರ್ ಹಾಲಿನ ನೊರೆ. ಬಾಳಿಕೆಯಲ್ಲಿ ಮುಂದೆ, ಬೆಲೆಯಲ್ಲೂ ಮುಂದೆ. ಬಿಸಿಲಿಗೆ ಒಣಹಾಕಿದರೆ ಹಾಳಾಗುತ್ತದೆ. ಮೆಮೊರಿ ಫೋಮ್ 1966ರಲ್ಲಿ ಅಮೆರಿಕದ ನಾಸಾಕ್ಕಾಗಿ ವಿಮಾನದ ಆಸನ ರೂಪಿಸುವಾಗ ಹುಟ್ಟಿದ್ದು. ಮೈಬಿಸಿಗೆ ಮೆತ್ತಗಾಗಿ ಮೈಯ ಆಕಾರ ತಾಳುತ್ತದೆ, ಆದರೆ ಸೆಕೆ ಹೆಚ್ಚು.

ನಡುನೋವಿಗೆ ಗಟ್ಟಿ ಗಾದಿಯೇ ಬೇಕೆ?

‘ನಡ ನೋಯ್ತದ ಅಂದ್ರ ಹಲಗಿ ಮ್ಯಾಲ ಮಲಗು’ ಎಂಬ ಸಲಹೆ ಊರೂರಲ್ಲಿ ಇದೆ. ಆದರೆ ಸ್ಪೇನ್ ದೇಶದಲ್ಲಿ ಬಹುಕಾಲದ ನಡುನೋವಿನ 313 ಜನರ ಮೇಲೆ ನಡೆದು, 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಬೇರೆಯೇ ಹೇಳುತ್ತದೆ. ಅದರಲ್ಲಿ 90 ದಿನಗಳ ನಂತರ ತೀರ ಗಟ್ಟಿ ಗಾದಿಯವರಿಗಿಂತ ಮಧ್ಯಮ ಗಟ್ಟಿಯ ಗಾದಿಯವರಿಗೆ ಹೆಚ್ಚು ಆರಾಮ ಸಿಕ್ಕಿತ್ತು. ಅಂದರೆ ಮೈ ಮುಳುಗಬಾರದು, ಹಾಗೆಂದು ಭುಜ, ಸೊಂಟ ಒತ್ತಿ ನೋಯಲೂಬಾರದು. ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿದರೆ ಇದು ತಿಳಿಯದು. ಹತ್ತು ನಿಮಿಷ ಅಂಗಾತ, ಮಗ್ಗುಲಾಗಿ ಮಲಗಿ ನೋಡಿ. ನಾಚಿಕೆ ಬೇಡ.

ಕೂಸುಗಳ ಮಾತು ಬೇರೆ. ಅವುಗಳಿಗೆ ಸಮತಟ್ಟಾದ, ಗಟ್ಟಿ ಹಾಸಿಗೆಯೇ ಬೇಕು. ಮುಖ ಹುದುಗುವಷ್ಟು ಮೆತ್ತನೆಯ ಗಾದಿ, ತಲೆದಿಂಬು ಉಸಿರಿಗೆ ಅಪಾಯ.

ಮಳೆಗಾಲ ಮತ್ತು ಮಹಾಪೂರ

2005, 2019 ಮತ್ತು 2021ರ ಮಹಾಪೂರಗಳಲ್ಲಿ ಪಂಚಗಂಗಾ, ಕೃಷ್ಣಾ ತೀರದ ಮನೆಗಳಿಗೆ ನೀರು ನುಗ್ಗಿದ್ದನ್ನು ಈ ಭಾಗದವರು ಮರೆತಿಲ್ಲ. ಚರಂಡಿ ಬೆರೆತ ಹೊಳೆನೀರಲ್ಲಿ ತೊಯ್ದ ಗಾದಿ ಯಾವುದೇ ಇರಲಿ, ಎಸೆಯುವುದೇ ಕ್ಷೇಮ. ಬಿಸಿಲಿಗೆ ಒಣಗಿಸಿದರೂ ಒಳಗಿನ ಬೂಷ್ಟು, ರೋಗಾಣು ಹೋಗುವ ಖಾತ್ರಿ ಇಲ್ಲ. ಸೋರಿದ ಮಳೆನೀರಷ್ಟೇ ತಾಗಿದ್ದರೆ ಹತ್ತಿಯ ಗಾದಿಯನ್ನು ಅಂದೇ ಬಿಚ್ಚಿ ಹರವಿ ಉಳಿಸಿಕೊಳ್ಳಬಹುದು. ಫೋಮ್ ಎರಡು ದಿನದೊಳಗೆ ಪೂರ್ತಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ.

ಉಳಿದ ದಿನಗಳಲ್ಲಿ ಹತ್ತಿಯ ಗಾದಿಗೆ ವಾರಕ್ಕೊಮ್ಮೆ ಬಿಸಿಲು ತೋರಿಸಿ. ನಾರು, ಫೋಮ್ ಗಾದಿಗಳನ್ನು ನೆರಳಲ್ಲಿ ಗಾಳಿಗಿಡಿ. ಮೂರು ತಿಂಗಳಿಗೊಮ್ಮೆ ತಲೆ ಕಡೆಯನ್ನು ಕಾಲ ಕಡೆಗೆ ತಿರುಗಿಸಿ. ಎಲ್ಲಕ್ಕೂ ತೆಗೆದು ಒಗೆಯಬಹುದಾದ ಖೋಳ ಇರಲಿ. ದಮ್ಮು, ಅಲರ್ಜಿ ಇರುವವರ ಖೋಳ, ಚಾದರಗಳನ್ನು ಬಿಸಿನೀರಲ್ಲಿ ಒಗೆಯಿರಿ.

ಯಾರಿಗೆ ಯಾವುದು?

- ನೆಲದ ಮೇಲೆ ಮಲಗುವವರಿಗೆ, ದಿನವೂ ಸುತ್ತಿಡುವವರಿಗೆ: ಹತ್ತಿ
- ಮಂಚಕ್ಕೆ, ಗಟ್ಟಿ ಹಾಸಿಗೆ ಬಯಸುವವರಿಗೆ: ಮೇಲೆ ಫೋಮ್ ಪದರವಿರುವ ನಾರು
- ವಯಸ್ಸಾದವರಿಗೆ, ಸುಲಭವಾಗಿ ಎದ್ದೇಳಲು: ಮಂಚದ ಮೇಲೆ 32ರಿಂದ 40 ಡೆನ್ಸಿಟಿಯ ಮಧ್ಯಮ ಗಟ್ಟಿ ಫೋಮ್
- ಆಗೊಮ್ಮೆ ಈಗೊಮ್ಮೆ ಬರುವ ಬೀಗರಿಗೆ: ತೆಳು ಹತ್ತಿಯ ಗಾದಿ ಇಲ್ಲವೆ ಕೌದಿ

ಹೆಚ್ಚು ಬೆಲೆಯ ಗಾದಿಯೇ ಹೆಚ್ಚು ಬಾಳುತ್ತದೆ ಎಂದೇನಿಲ್ಲ. ‘ಹತ್ತು ವರ್ಷ ಗ್ಯಾರಂಟಿ’ ಎಂಬ ಚೀಟಿ ಓದುವಾಗ ಎಷ್ಟು ಇಂಚು ಕುಸಿದರೆ ಬದಲಿಸಿ ಕೊಡುತ್ತಾರೆ ಎಂಬುದನ್ನೂ ಓದಿ, ಬಿಲ್ಲು ಜೋಪಾನವಾಗಿಡಿ. ಕೊಳ್ಳುವ ಮುನ್ನ ಮೂರೇ ಪ್ರಶ್ನೆ ಕೇಳಿ: ಒಳಗೆ ಏನಿದೆ? ತೂಕ ಎಷ್ಟು? ಕುಸಿದರೆ ಮತ್ತೆ ಸರಿಪಡಿಸಬಹುದೆ? ಈ ಮೂರಕ್ಕೂ ನೇರ ಉತ್ತರ ಕೊಡುವ ಅಂಗಡಿಯಲ್ಲಿ ವ್ಯಾಪಾರ ಮಾಡಿದರೆ ಕಾಲು ಚಾಚಿ ನಿಶ್ಚಿಂತೆಯಿಂದ ಮಲಗಬಹುದು.